ರಸ್ತೆ ದಾಟದೇ ಹೋದವರು

ಮಾಡುವ ಕೆಲಸ ಯಾವುದೆಂದು ಹೇಳಿಕೊಳ್ಳಲು ನಾಚುವವರಲ್ಲಿ ನಾನೊಬ್ಬ. ಕಳ್ಳತನವೇನಲ್ಲ, ಇಂಜಿನಿಯರಿಂಗ್ ಕಾಲೇಜಿನಲ್ಲಿ ರಸ್ತೆ ಸುರಕ್ಷತೆಯ ಪಾಠ ಮಾಡುತ್ತೇನೆ, ಅಷ್ಟೆ. ಆದರೆ ಈ ಮಾತು ಕೇಳಿದವರು ಮೊದಲು ರಸ್ತೆಯ ಕಡೆ ನೋಡುತ್ತಾರೆ, ಆಮೇಲೆ ನನ್ನ ಕಡೆ ನೋಡುತ್ತಾರೆ. ಜಯಲಕ್ಷ್ಮಿಪುರಂನ ನಮ್ಮ ಬೀದಿಯಲ್ಲಿ ಯಾರಾದರೂ ಅಡ್ಡಾದಿಡ್ಡಿ ಗಾಡಿ ಓಡಿಸಿದರೆ ಪಕ್ಕದ ಮನೆಯವರು ಗೇಟಿನಿಂದಲೇ, "ನೋಡಿದ್ರಾ ಮೇಷ್ಟ್ರೇ?" ಎನ್ನುತ್ತಾರೆ, ನಾನೇ ಹೇಳಿಕೊಟ್ಟು ಕಳಿಸಿದ ಹಾಗೆ. ನನ್ನ ಪೇಪರಿನಲ್ಲಿ ಫಸ್ಟ್ ಕ್ಲಾಸ್ ಬಂದ ಹುಡುಗರು ಪರೀಕ್ಷೆ ಮುಗಿದ ಮರುಕ್ಷಣ ಒಂದೇ ಬೈಕಿನಲ್ಲಿ ಮೂವರು ಕೂತು, ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು, ನನಗೆ ನಮಸ್ಕಾರ ಮಾಡಿಯೇ ಹೋಗುತ್ತಾರೆ. "ಇಷ್ಟು ವರ್ಷದಿಂದ ಪಾಠ ಮಾಡ್ತಿದೀರಲ್ಲ, ಯಾರಿಗೆ ಕಣ್ರೀ?" ಎಂದು ನನ್ನ ಹೆಂಡತಿ ಸುಮ ಕೇಳುತ್ತಾಳೆ. ವ್ಯಂಗ್ಯವಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳುತ್ತಾಳೆ. ಅದೇ ಕಷ್ಟ.

ಹೀಗಿರುವಾಗ ಒಂದು ಅಧ್ಯಯನ ನನ್ನ ಪಾಲಿಗೆ ಬಂತು. ಒಂದು ಗಾಡಿ ಹೋಗಿ ಇನ್ನೊಂದು ಬರುವಷ್ಟರಲ್ಲಿ ಎಷ್ಟು ಸೆಕೆಂಡು ಬಿಡುವು ಸಿಕ್ಕರೆ ಮನುಷ್ಯ ಧೈರ್ಯ ಮಾಡಿ ರಸ್ತೆಗೆ ಕಾಲಿಡುತ್ತಾನೆ ಎಂಬುದನ್ನು ಅಳೆಯಬೇಕು. ವರದಿ ಕೊಟ್ಟರೆ, ಅಗತ್ಯ ಕಂಡ ಕಡೆ ಜನ ದಾಟಲು ಬಿಳಿ ಪಟ್ಟಿ ಬಳಿದು ಸಿಗ್ನಲ್ ಹಾಕುತ್ತೇವೆ ಎಂದು ಸಂಬಂಧಪಟ್ಟ ಕಚೇರಿಯವರು ಹೇಳಿದ್ದರು. ನಾನು ದೇವರಾಜ ಮೊಹಲ್ಲಾದಲ್ಲಿ ಒಂದು ಪಾತ್ರೆ ಅಂಗಡಿಯ ಮುಂದೆ, ಕೈಯಲ್ಲಿ ಸ್ಟಾಪ್‌ವಾಚು, ಕಂಕುಳಲ್ಲಿ ಹಾಳೆ ಸಿಕ್ಕಿಸಿದ ರಟ್ಟು ಇಟ್ಟುಕೊಂಡು ವಾರವಿಡೀ ಬೆಳಿಗ್ಗೆ ನಿಂತೆ. ನಿಯಮ ಒಂದೇ: ನೋಡುವವನು ನೋಡಬೇಕು, ನಡುವೆ ಕೈ ಹಾಕಬಾರದು.

ಎರಡನೆಯ ದಿನ ನನ್ನ ಪಕ್ಕದಲ್ಲಿ ಒಬ್ಬ ಹೆಂಗಸು ಬಂದು ನಿಂತರು. ಅರವತ್ತು ದಾಟಿರಬೇಕು, ಕೈಯಲ್ಲಿ ದೊಡ್ಡ ಚೀಲ. ಹೆಸರು ಪುಟ್ಟತಾಯಮ್ಮ, ಸಿದ್ಧಾರ್ಥನಗರದ ಕಡೆಯವರು, ಸೀರೆಗಳಿಗೆ ಫಾಲ್ಸ್ ಹೊಲಿದು ಎದುರಿನ ಅಂಗಡಿಗೆ ಕೊಡುತ್ತಾರೆ ಎಂಬುದೆಲ್ಲ ಅವರೇ ಹೇಳಿದ ಮೇಲೆ ತಿಳಿಯಿತು. ಹೇಳಲು ಬೇಕಾದಷ್ಟು ಸಮಯವಿತ್ತು. ಗಾಡಿಗಳು ಬಿಡುತ್ತಿರಲಿಲ್ಲ. ಕೊನೆಗೂ ಒಂದು ಸಿಟಿ ಬಸ್ಸಿನ ಮರೆಯಲ್ಲಿ ದಾಟಿಹೋದರು. ನಾನು ಬರೆದುಕೊಂಡೆ.

ಮೂರನೆಯ ದಿನ ಬಂದವರು ನನ್ನನ್ನು ಕಂಡು ಮರುಗಿದರು. "ಅಯ್ಯೋ, ನೆನ್ನೆಯಿಂದ ಇಲ್ಲೇ ನಿಂತಿದೀರಾ ಸಾಮಿ? ದಾಟಕ್ಕೆ ಭಯವಾ?"

"ಇಲ್ಲ ತಾಯಿ, ನಾನು ದಾಟೋದಕ್ಕೆ ಬಂದಿಲ್ಲ. ದಾಟೋರನ್ನ ಬರ್ಕೊಳ್ಳೋಕೆ ಬಂದಿದೀನಿ."

ಇಂಥ ಸುಳ್ಳನ್ನು ಯಾರು ತಾನೆ ನಂಬುತ್ತಾರೆ? "ನಾಚ್ಕೊಬೇಡಿ. ನಂಗೂ ಅಂಗೇ ಆಗೋದು. ಬನ್ನಿ, ಇಬ್ರಿದ್ರೆ ಬುಡ್ತಾರೆ" ಎಂದವರೇ ನನ್ನ ಮುಂಗೈ ಹಿಡಿದು ರಸ್ತೆಗೆ ಇಳಿದುಬಿಟ್ಟರು. ಇನ್ನೊಂದು ಕೈಯಲ್ಲಿ ಚೀಲ ಎತ್ತಿ ಗಾಡಿಗಳಿಗೆ ತೋರಿಸುತ್ತಾ ನಡೆದರು. ನನ್ನ ಇಡೀ ಸೇವೆಯಲ್ಲಿ ಇಷ್ಟು ಸುರಕ್ಷಿತವಾಗಿ ನನ್ನನ್ನು ಯಾರೂ ನಡೆಸಿರಲಿಲ್ಲ. ಅರ್ಧ ದಾಟಿದ್ದೆವು. ಅಷ್ಟರಲ್ಲಿ ಬರಬಾರದ ದಿಕ್ಕಿನಿಂದ ಒಂದು ಸ್ಕೂಟರ್ ಬಂದು ಚೀಲಕ್ಕೆ ತಗುಲಿ, ನಿಲ್ಲದೆ ಹೋಯಿತು. ಪುಟ್ಟತಾಯಮ್ಮ ಮಂಡಿಯೂರಿ ಬಿದ್ದರು. ಸೀರೆಗಳು ಟಾರಿನ ಮೇಲೆ ಹರಡಿಕೊಂಡವು.

ಆಗ ನಾನು ಮಾಡಿದ್ದನ್ನು ಸುಮಳಿಗೂ ಹೇಳಿಲ್ಲ. ಸ್ಟಾಪ್‌ವಾಚು ನಿಲ್ಲಿಸಿ ಎಷ್ಟು ಸೆಕೆಂಡಾಯಿತು ಎಂದು ನೋಡಿದೆ.

"ಟೈಮ್ ಆಮೇಲ್ ನೋಡೋರಂತೆ, ಸೀರೆ ಎತ್ಕೊಳಿ ಸಾಮಿ!" ಎಂದು ಅವರು ಕೂಗಿದ ಮೇಲೆ ಬಗ್ಗಿದೆ. ಒಂದು ತಿಳಿಹಸಿರು ಸೀರೆಯ ಮೇಲೆ ಚಕ್ರದ ಗುರುತು ಮೂಡಿತ್ತು. ಆಚೆ ಬದಿಯಲ್ಲಿ ಕೂರಿಸಿ ನೀರು ಕೊಟ್ಟೆ. ಮಂಡಿ ತರಚಿತ್ತು. ಅವರು ಅದನ್ನು ನೋಡಿಕೊಳ್ಳಲಿಲ್ಲ, ಸೀರೆಯನ್ನೇ ಉಜ್ಜುತ್ತಿದ್ದರು. "ನೀವು ಬರ್ಕೊಂಡ್ರೆ ಏನಾಯ್ತದೆ?" ಎಂದು ಕೇಳಿದರು. "ಇಲ್ಲಿ ಪಟ್ಟಿ ಬಳೀತಾರೆ, ಸಿಗ್ನಲ್ ಹಾಕ್ತಾರೆ. ಖಂಡಿತ" ಎಂದೆ. ಪಾಪಪ್ರಜ್ಞೆಯಲ್ಲಿ ಮನುಷ್ಯ ಎಷ್ಟು ಧಾರಾಳವಾಗಿ ಮಾತು ಕೊಡುತ್ತಾನೆ!

ವರದಿ ಕೊಟ್ಟೆ. ಕೆಲವು ತಿಂಗಳ ಮೇಲೆ ಕಚೇರಿಯ ಇಂಜಿನಿಯರು ಕರೆದು ಕಾಫಿ ತರಿಸಿದರು. "ವರದಿ ಬಹಳ ಚೆನ್ನಾಗಿದೆ ಸಾರ್. ಅದರ ಆಧಾರದ ಮೇಲೇ ತೀರ್ಮಾನ ಮಾಡಿದೀವಿ. ಆ ಜಾಗದಲ್ಲಿ ದಾಟೋರು ಬಹಳ ಕಮ್ಮಿ. ಪಟ್ಟಿ, ಸಿಗ್ನಲ್ ಏನೂ ಬೇಡ."

"ಕಮ್ಮಿ ಹೇಗಾಗುತ್ತೆ? ನಿಂತು ನಿಂತು ಸಾಕಾಗಿ ಅಷ್ಟೊಂದು ಜನ ವಾಪಸ್ ಹೋದ್ರಲ್ಲ!"

"ಅವರು ನಿಮ್ಮ ಪಟ್ಟಿಯಲ್ಲಿ ಇಲ್ವಲ್ಲ ಸಾರ್."

ಇರಲಿಲ್ಲ. ದಾಟಿದವರನ್ನು ಮಾತ್ರ ಬರೆದಿದ್ದೆ. ಮಕ್ಕಳನ್ನು ಎತ್ತಿಕೊಂಡವರು, ಕೋಲು ಹಿಡಿದವರು, ರಸ್ತೆಯನ್ನು ಒಮ್ಮೆ ನೋಡಿ ಹಿಂದಿರುಗಿದವರು, ಇವರಿಗೆಲ್ಲ ನನ್ನ ಹಾಳೆಯಲ್ಲಿ ಕಾಲಮ್ಮೇ ಇರಲಿಲ್ಲ. ಆ ಹಾಳೆಯನ್ನು ಗೆರೆ ಎಳೆದು ಮಾಡಿದವನು ನಾನೇ. ಇನ್ನು ಪುಟ್ಟತಾಯಮ್ಮ ಬಿದ್ದ ಸಾಲನ್ನು, ಅಳೆಯುವವನೇ ರಸ್ತೆಗಿಳಿದಿದ್ದನೆಂಬ ಕಾರಣಕ್ಕೆ, ನಾನೇ ಹೊಡೆದುಹಾಕಿದ್ದೆ.

ವಿಷಯ ತಿಳಿಸಿ ಕ್ಷಮೆ ಕೇಳೋಣವೆಂದು ಮರುದಿನ ಅದೇ ಜಾಗಕ್ಕೆ ಹೋದೆ. ಅವರು ಎದುರು ಬದಿಯಲ್ಲಿ ಚೀಲ ಹಿಡಿದು ನಿಂತಿದ್ದರು. ನನ್ನನ್ನು ಕಂಡ ಕೂಡಲೇ ಮುಖ ಅರಳಿತು. ಕೈ ಎತ್ತಿ ಕೂಗಿದರು, "ಸಾಮೀ, ಪಟ್ಟಿ ಯಾವಾಗ ಬಳೀತಾರೆ?"

ಪ್ರತಿ ಅಕ್ಷರವೂ ಕೇಳಿಸಿತು. ನಾನು ಕಿವಿಯ ಹತ್ತಿರ ಕೈ ಆಡಿಸಿ, ಈ ಹಾರ್ನಿನಲ್ಲಿ ಏನೂ ಕೇಳಿಸುತ್ತಿಲ್ಲವೆಂದು ಸನ್ನೆ ಮಾಡಿದೆ. ಹಾರ್ನ್ ಹಾಕುವವರ ವಿರುದ್ಧ ವರ್ಷಕ್ಕೊಂದು ಭಾಷಣ ಮಾಡುವ ನಾನು, ಅವರೆಲ್ಲ ಇನ್ನೂ ಸ್ವಲ್ಪ ಹೊತ್ತು, ಇನ್ನೂ ಸ್ವಲ್ಪ ಜೋರಾಗಿ ಒತ್ತಲಿ ಎಂದು ಅಲ್ಲಿ ನಿಂತೇ ಬೇಡಿಕೊಂಡೆ.