ಎರಡು ಗೇಟು, ಎರಡು ಫ್ರೇಮ್‌ವರ್ಕು

ನಮ್ಮ ಧಂದಾದಾಗ ಕಂಪ್ಯೂಟರ್ ಕೆಡೋದು ತಿಂಗಳಿಗೊಮ್ಮಿ, ತಲಿ ಕೆಡೋದು ದಿನಾ. ಇಂಥವೆಲ್ಲ ನಮ್ಮ ಪಾಲಿಗೇ ಯಾಕ ಬರ್ತಾವೋ ಗೊತ್ತಿಲ್ಲ, ಬರೋದಂತೂ ನಿಂತಿಲ್ಲ.

ಶಹಾಪುರದಾಗ ಒಂದು ಗೊಬ್ಬರದ ಅಂಗಡಿ ಮ್ಯಾಲ ನಮ್ಮ ಆಫೀಸು. ಇರೋರು ಇಬ್ಬರ, ನಮ್ಮ ಸರ್ ಮತ್ತ ನಾನು. ಮ್ಯಾಲ ಪ್ರೋಗ್ರಾಂ ಬರೀತೀವಿ; ಕೆಳಗ ಮೆಟ್ಟಲ ಬುಡಕ್ಕ ಒಂದು ಕೌಂಟರ್ ಅದ, ಅಲ್ಲಿ ಆನ್‌ಲೈನ್ ಅರ್ಜಿ ತುಂಬಿ ಕೊಡ್ತೀವಿ. ಎರಡು ವರ್ಷ ನಾ ಅಲ್ಲೇ ಕುಂತು ಊರ ಮಂದಿ ರೇಶನ್ ಕಾರ್ಡಿನ ಅರ್ಜಿ ತುಂಬಿ, ಆಮ್ಯಾಲ ಮ್ಯಾಲಿನ ಕೆಲಸಕ್ಕ ಬಂದೀನಿ. ಹೋದ ವರ್ಷ ಒಂದು ಹತ್ತಿ ಮಿಲ್ಲಿನ ಸಾವ್ಕಾರ್ರು ಸಾಫ್ಟ್‌ವೇರ್ ಬೇಕಂದ್ರು. ಹತ್ತಿ ಗಾಡಿ ಗೇಟಿಗೆ ಬಂತಂದ್ರ ಟೋಕನ್ ಕೊಡಬೇಕು, ಆಮ್ಯಾಲ ಕಾಟಾದ ಮ್ಯಾಲ ತೂಕ, ಆಮ್ಯಾಲ ಹತ್ತಿ ಎಷ್ಟು ಹಸಿ ಅದ ಅಂತ ತಪಾಸಣಿ. ಎಲ್ಲಾ ಅದರಾಗೇ ನಡೀಬೇಕು.

ಇದನ್ನ ಯಾವ ಫ್ರೇಮ್‌ವರ್ಕ್ ಮ್ಯಾಲ, ಅಂದ್ರ ಯಾವ ಹಂದರದ ಮ್ಯಾಲ ಕಟ್ಟಬೇಕು ಅಂತ ನನಗೂ ಸರ್‌ಗೂ ಹತ್ತಿತು ನೋಡ್ರಿ ಜಗಳ. ಸರ್‌ದು ಜಾವಾ ಭಾಷಾದ ಹಂದರ. ಎಲ್ಲಾ ಸೇರಿ ಒಂದ ದೊಡ್ಡ ಪ್ರೋಗ್ರಾಂ, ಬಂದ ಮಾಹಿತಿ ಕೂಡಿಸಿಟ್ಟು ಹತ್ತು ನಿಮಿಷಕ್ಕೊಮ್ಮಿ ಒಟ್ಟಿಗೆ ಮುಗಿಸೋದು. ನಂದು ಪೈಥಾನ್ ಭಾಷಾದ್ದು. ಟೋಕನ್‌ಗೊಂದು, ತೂಕಕ್ಕೊಂದು, ಹಸಿಗೊಂದು ಸಣ್ಣ ಸಣ್ಣ ಪ್ರೋಗ್ರಾಂ, ಮಾಹಿತಿ ಬಂದ ಬಂದಂಗ ಮುಗಿಸೋದು. ಒಂದು ಬಿದ್ರೂ ಉಳದವು ನಡೀತಾವ.

ಸಾವ್ಕಾರ್ರು ಹೇಳಿದ್ರು, "ಎರಡೂ ಮಾಡ್ರಿ. ನಮ್ಮ ಮಿಲ್ಲಿಗೆ ಗೇಟು ಎರಡು ಅದಾವ. ಸೀಜನ್ ಸುರು ಆದ ದಿನ ಒಂದೊಂದಕ್ಕ ಒಂದೊಂದು ಹಚ್ಚರಿ. ನಾ ಕಣ್ಣಾರೆ ನೋಡಿ ಒಂದು ಇಟ್ಕೋತೀನಿ. ಎರಡರಾಗ ಒಂದು ಬರೋಬರಿ ನಡೀಲಿಲ್ಲಂದ್ರೂ ಹೈದರಾಬಾದಿನ ಕಂಪನಿಯವರಿಗೆ ಕರಸ್ತೀನಿ."

ಹೊರಗ ಬಂದ ಕೂಡ್ಲೇ ಸರ್ ನನಗ ಹೇಳಿದ್ರು, "ನಿಂದು ಸೋತ್ರ ನೀ ಮತ್ತ ಕೆಳಗಿನ ಕೌಂಟರಿಗೇ." ಅವತ್ತಿಂದ ನನಗ ಕುಂತಲ್ಲಿ ಕೂಡಾಕ ಆಗಿಲ್ಲ, ನಿಂತಲ್ಲಿ ನಿಲ್ಲಾಕ ಆಗಿಲ್ಲ.

೧. ಬಸ್ಸಿನಾಗ ಬದಲಾಗೋ ಮನಸು

ನಮ್ಮ ಮನಿ ಸುರಪುರದ ರಂಗಂಪೇಟಿ. ದಿನಾ ಬಸ್ಸಿಗೆ ಶಹಾಪುರಕ್ಕ ಬರ್ತೀನಿ. ಕೂಡಾಕ ಜಾಗ ಸಿಕ್ಕರ ಫೋನಿನಾಗ ಯಾರರೆ ಒಬ್ಬಾತ "ಈ ಫ್ರೇಮ್‌ವರ್ಕ್ ಛಲೋ, ಆ ಫ್ರೇಮ್‌ವರ್ಕ್ ಸತ್ತು ಹೋತು" ಅಂತ ಹೇಳೋ ವಿಡಿಯೋ ನೋಡ್ತೀನಿ. ಸುರಪುರದಾಗ ಬಸ್ ಹತ್ತುವಾಗ ಒಂದರ ಮ್ಯಾಲ ಪ್ರೀತಿ ಇರ್ತದ, ಶಹಾಪುರದಾಗ ಇಳಿಯೋದ್ರಾಗ ಇನ್ನೊಂದರ ಮ್ಯಾಲ ಹೋಗಿರ್ತದ.

ಒಂದ ವಾರದಾಗ ಮೂರು ಸಲ ಹಂದರ ಕಿತ್ತು ಹೊಸಾದು ಹಾಕಿದೆ. ಸೋಮವಾರದ್ದು ಭಾಳ ಭಾರ ಅನಸ್ತು, ಬುಧವಾರದ್ದಕ್ಕ ನಂಬಿಗಿ ಇಲ್ಲ ಅನಸ್ತು. ಶುಕ್ರವಾರ ಮತ್ತ ಸೋಮವಾರದ್ದ ಛಲೋ ಇತ್ತಲ್ಲ ಅನಸ್ತು. ಸರ್ ಎಲ್ಲಾ ಸುಮ್ಮನ ನೋಡಿದ್ರು. ಶನಿವಾರ ನಾ ಬಾಗಲಾಗ ಕಾಲಿಡೋದೇ ತಡ, ಕೈ ಮುಗದು ಹೇಳಿದ್ರು.

"ತಂಗಿ, ಸೋಮವಾರದಿಂದ ನೀ ಬಸ್ಸಿನಾಗ ನಿಂತೇ ಬಾ."

೨. ನಾಕು ಒಲಿ

ಸಾವ್ಕಾರ್ರಿಗೆ ಎರಡರ ಫರಕ್ ತಿಳಿಸಿ ಹೇಳಬೇಕಿತ್ತು. ಸರ್ ಅಂದ್ರು, "ನಂದು ಕೂಡು ಮನಿ ಇದ್ದಂಗರಿ. ಒಂದ ಒಲಿ, ಒಬ್ಬ ಯಜಮಾನ." ನಾ ಬಿಡ್ತೀನಾ? "ನಂದು ಅಣ್ಣತಮ್ಮರು ಬ್ಯಾರಿ ಆಗಿ ನಾಕು ಒಲಿ ಹೂಡಿದಂಗರಿ. ಒಬ್ಬರ ಒಲಿ ಕೆಟ್ಟರ ಉಳದವರು ಉಪಾಸ ಬೀಳಂಗಿಲ್ಲ," ಅಂದೆ.

ನನಗೇನು ಗೊತ್ತು, ಸಾವ್ಕಾರ್ರು ಆಗಷ್ಟ ಅಣ್ಣತಮ್ಮರಿಂದ ಬ್ಯಾರಿ ಆಗಿದ್ರು. ಚಹಾದ ಕಪ್ಪು ಕೆಳಗಿಟ್ರು. ನಡು ಹಾಕಿದ ಗ್ವಾಡಿ, ದೊಡ್ಡವನ ಪಾಲಿಗೆ ಹೋದ ಬಾವಿ, ಸಣ್ಣವನ ಹೇಣ್ತಿ ಅಂದ ಮಾತು, ಎಲ್ಲಾ ಒಂದೊಂದಾಗಿ ಹೊರಗ ಬಂತು. ಅರ್ಧ ತಾಸು ನಾವಿಬ್ಬರು ಹೂಂ ಅಂದೀವಿ. ಕಡೀಕ ಮೂಗು ಒರಸಿಕೊಂಡು ನನ್ನ ಕಡಿ ನೋಡಿದ್ರು.

"ಬ್ಯಾರಿ ಆಗೋದು ಸಲೀಸ ತಂಗಿ. ಬ್ಯಾರಿ ಆದ ಮ್ಯಾಲ ಒಬ್ಬರಿಗೊಬ್ಬರು ಮಾತಾಡೋದ ತ್ರಾಸ. ನಿನ್ನ ಸಣ್ಣ ಪ್ರೋಗ್ರಾಂಗಳು ಮಾತಾಡ್ತಾವೇನು?"

ಖರೇ ಹೇಳ್ಬೇಕಂದ್ರ ಹಿಂದಿನ ವಾರ ಪೂರಾ ನನ್ನ ತೂಕದ ಪ್ರೋಗ್ರಾಂ ಟೋಕನ್ ಪ್ರೋಗ್ರಾಂ ಜೋಡಿ ಮಾತು ಬಿಟ್ಟಿತ್ತು.

೩. ಅವ್ವನ ಒಂದು ಪ್ರಶ್ನಿ

ಒಂದಿನ ಮನ್ಯಾಗ ಫೋನ್ ಹಿಡಕೊಂಡು ಸರ್ ಜೋಡಿ ಜಗಳಾಡಾಕತ್ತಿದ್ದೆ. "ಕೂಡಿಸಿ ಇಡೋದು ಬ್ಯಾಡಂದ್ರ ಬ್ಯಾಡ ಸರ್. ಬಂದದ್ದು ಬಂದಂಗ ಆಗಿಂದಾಗ ಮುಗಿಸಬೇಕು. ಗುಡ್ಡಿ ಹಾಕಿಟ್ಟು ಒಮ್ಮಿಗೇ ಮಾಡ್ತೀನಿ ಅನ್ನೋದು ಹಳೇ ಕಾಲದ್ದು."

ಅವ್ವ ರೊಟ್ಟಿ ಬಡ್ಯಾಕತ್ತಿದ್ಲು. ಕೈ ನಿಲ್ಲಸದ ಕೇಳಿದ್ಲು, "ಮತ್ತ ಐತವಾರದಿಂದ ಐತವಾರದ ತನ ಖೋಲ್ಯಾಗ ಗುಡ್ಡಿ ಬಿದ್ದಿರ್ತಾವಲ್ಲ ಒಗಿಯೋ ಅರಿವಿ, ಅವು ಯಾರ್ವು, ನಿಮ್ಮ ಸರ್‌ವಾ?"

೪. ಚಾಚಾ ಸುಳ್ಳು ಬರ್ಯಂಗಿಲ್ಲ

ಮಿಲ್ಲಿನ ಗೇಟಿನಾಗ ಒಬ್ಬರು ಚಾಚಾ ಅದಾರ. ತಲಿ ಬೆಳ್ಳಗಾಗೋ ತನ ವಹಿಯಾಗ ಟೋಕನ್ ಬರದವರು. ಸೀಜನ್‌ಗಿಂತ ಮೊದ್ಲ ಪ್ರೋಗ್ರಾಂ ಎಷ್ಟು ಭಾರ ತಡೀತದ ಅಂತ ನೋಡಬೇಕಿತ್ತು. ನಾ ಎರಡೂ ಪ್ರೋಗ್ರಾಂ ಇದ್ದ ಟ್ಯಾಬ್ ಅವರ ಕೈಯಾಗ ಕೊಟ್ಟು, "ಚಾಚಾ, ತಲ್ಯಾಗ ಬಂದ ಹೆಸರು, ಕೈಗೆ ಬಂದ ಸುಳ್ಳು ಫೋನ್ ನಂಬರ್ ಹಾಕಿ ಒಂದು ಐವತ್ತು ಟೋಕನ್ ಮಾಡ್ರಿ," ಅಂದು ಚಹಾಕ್ಕ ಹೋದೆ.

ಚಾಚಾ ಐವತ್ತೂ ಮಾಡಿದ್ರು. ನಂದೂ ತಡೀತು, ಸರ್‌ದೂ ತಡೀತು. ಖುಷಿಲೇ ಮನಿಗೆ ಹೋದೆ.

ಮರದಿನ ಮುಂಜಾನಿ ಮಿಲ್ಲಿನ ಮುಂದ ಚಾಚಾರ ಊರು ಗೋಗಿಯಿಂದ ಬಂದ ಆಟೋ ಮ್ಯಾಲ ಆಟೋ ನಿಂತಾವ. ಒಗದ ಅಂಗಿ, ತಲಿಗೆ ರುಮಾಲು, ಕೆಲವರು ಹೇಣ್ತಿ ಮಕ್ಕಳ ಸಮೇತ. ಟೋಕನ್ ಆದ ಕೂಡ್ಲೇ ಫೋನಿಗೆ ಮೆಸೇಜು ಹೋಗೋ ಹಂಗ ನಾನ ಮಾಡಿದ್ದೆ: "ನಿಮ್ಮ ಸರದಿ ನಾಳೆ ಒಂಬತ್ತು ಗಂಟೆಗೆ. ತಪ್ಪದೆ ಬನ್ನಿ." ಹೊಲದಾಗಿನ ಹತ್ತಿ ಇನ್ನಾ ಒಡದಿಲ್ಲ, ಮಿಲ್ಲಿನವರು ತಪ್ಪದೆ ಬರ್ರಿ ಅಂದಾರಂದ್ರ ಪೂಜಾ-ಊಟ ಇರಬೇಕಂತ ಐವತ್ತೂ ಮನಿಯವರು ಬಂದಿದ್ರು.

"ಚಾಚಾ, ಸುಳ್ಳು ನಂಬರ್ ಹಾಕ್ರಿ ಅಂದಿದ್ನಲ್ಲ?"

"ಇಷ್ಟು ವರ್ಷ ಈ ಗೇಟಿನಾಗ ಒಂದು ಝೂಟ್ ಬರದಿಲ್ಲ ಬೇಟಿ. ಇವತ್ತು ನಿನ್ನ ಸಲುವಾಗಿ ಬರೀಲೇನು? ಎಲ್ಲಾ ನಮ್ಮ ಖಾಸ್ ಮಂದಿ ನಂಬರ್ ಹಾಕೀನಿ."

ಬಂದವರಿಗೆಲ್ಲ ಸಾವ್ಕಾರ್ರು ಮಂಡಕ್ಕಿ ಸುಸಲಾ, ಮಿರ್ಚಿ ಮಾಡಿಸಿದ್ರು. ಸರ್ ನನ್ನ ಕೈಯಾಗ ಸೌಟು ಕೊಟ್ಟು, "ಹೂಂ, ಬಂದವರಿಗೆ ಬಂದಂಗ ಮುಗಸು," ಅಂದ್ರು.

೫. ಪರೀಕ್ಷೆ

ಸೀಜನ್ ಸುರು ಆತು. ಅವತ್ತ ನೋಡ್ರಿ, ಸುರಪುರದ ಬಸ್ಸು ತಡಾ. ನಾ ಓಡಿಕೊಂತ ಮಿಲ್ಲಿಗೆ ಹೋಗೋದ್ರಾಗ ಸರ್ ಎರಡೂ ಗೇಟಿಗೆ ಟ್ಯಾಬ್ ಹಚ್ಚಿ ಮುಗಿಸಿದ್ರು. ಮುಂದಿನ ಗೇಟಿಗೆ ಅವರ ಜಾವಾ, ಹಿಂದಿನ ಗೇಟಿಗೆ ನನ್ನ ಪೈಥಾನ್. ಗೇಟಿನವರಿಗೆ ಗಲಿಬಿಲಿ ಆಗಬಾರದಂತ ಪರದಿ ಮ್ಯಾಲ ಕಾಣೋದು ಎರಡಕ್ಕೂ ಒಂದ ನಮೂನಿ ಇಟ್ಟಿದ್ವಿ, ಒಳಗಿನದಷ್ಟ ಬ್ಯಾರೆ.

ಮುಂದಿನ ಗೇಟಿನ ಬಾಜು ದೊಡ್ಡದೊಂದು ಬೇವಿನ ಗಿಡ, ಗಿಡದ ಬುಡಕ್ಕ ಚಹಾದ ಬಂಡಿ. ನನ್ನ ಗೇಟಿಗೆ ರಣ ಬಿಸಲು. ಹನ್ನೊಂದಕ್ಕ ಮುಂದಿನ ಗೇಟಿಗೆ ಟ್ರ್ಯಾಕ್ಟರ್ ಪಾಳಿ ರೋಡಿನ ತನಾ ಹೋಗ್ಯಾದ. ನನ್ನ ಗೇಟಿಗೆ ಬಂದದ್ದು ಒಂದ ಎತ್ತಿನ ಬಂಡಿ, ಅದೂ ದಾರಿ ತಪ್ಪಿ.

ನಾ ಹೋಗಿ ಕರದೆ, "ಈ ಕಡಿ ಬರ್ರಿ, ಇಲ್ಲಿ ಜಲ್ದಿ ಆಗ್ತದ."

ಒಬ್ಬ ಮುದುಕ ಬಶಿಯಾಗಿನ ಚಹಾ ಊದಕೊಂತ ಅಂದ, "ಜಲ್ದಿ ಆಗಿ ಏನ್ ಮಾಡೋದದ ಯವ್ವಾ? ನೆಳ್ಳು ಇಲ್ಲಿ ಅದ."

ಆ ಗೇಟಿನಿಂದ ಈ ಗೇಟಿಗೆ ಹತ್ತು ಸಲ ತಿರುಗಿ ಎರಡರ ಫರಕ್ ವಹಿಯಾಗ ಬರದೆ. ಜಾವಾದ್ದು ಭಾರ, ಟೋಕನ್ ಕೊಡಾಕ ಏದುಸಿರು ಬಿಡ್ತದ, ಟ್ಯಾಬ್ ಸುಡ್ತದ. ಪೈಥಾನಿಂದು ಹಗುರ, ಒತ್ತಿದ್ರ ಟೋಕನ್. ಎರಡು ಪುಟ ತುಂಬಿತು. ಸರ್ ಕೈಗೂ ಕೊಟ್ಟೆ, ಓದ್ಲಿ ಅಂತ.

ಮಧ್ಯಾಹ್ನ ಸಾವ್ಕಾರ್ರು ಬಂದ್ರು. ಎರಡೂ ಗೇಟು ನೋಡಿದ್ರು. ನನ್ನ ವಹಿ ಮುಟ್ಟಲಿಲ್ಲ.

"ಖಾಲಿ ಖಾನಾವಳ್ಯಾಗ ಯಾರರೆ ಉಣ್ತಾರೇನು? ಎಲ್ಲಿ ಮಂದಿ ಅದಾರ ಅಲ್ಲಿ ರುಚಿ ಅದ. ಮುಂದಿನ ಗೇಟಿನದು ಇಟ್ಕೋತೀನಿ. ತಂಗೀದು ತಗದು ಹಿಂದಿನ ಗೇಟಿಗೂ ಅದನ್ನ ಹಚ್ಚಿಬಿಡ್ರಿ."

ನನಗ ಅಳೂನ ಬಂತು. ಮೆಟ್ಟಲ ಬುಡದ ಕೌಂಟರ್ ಕಣ್ಣ ಮುಂದ ನಿಂತಿತು. ಸರ್‌ದು ಹಚ್ಚೋದಾದ್ರೂ ನನ್ನ ಕೈಲೇ ಆಗ್ಲಿ ಅಂತ ಗೆದ್ದ ಗೇಟಿನ ಟ್ಯಾಬ್ ತಗೊಂಡು ತಗದು ನೋಡಿದೆ. ಜಾವಾ ಹುಡುಕಿದೆ. ಇಲ್ಲ. ಮತ್ತ ಹುಡುಕಿದೆ. ಒಳಗ ಕುಂತಿದ್ದು ನನ್ನ ಪೈಥಾನ್. ಹಿಂದಿನ ಗೇಟಿಂದು ನೋಡಿದೆ, ಅದೂ ನಂದ.

ಸರ್‌ಗೆ ಗುಡೌನಿನ ಹಿಂದ ಕರಕೊಂಡು ಹೋಗಿ ಕೇಳಿದೆ. ಸರ್ ಬೇವಿನ ಗಿಡ ನೋಡಕೊಂತ ಹೇಳಿದ್ರು, "ಮುಂಜಾನಿ ನಂದು ಚಾಲೂನ ಆಗಲಿಲ್ಲ. ಹಂಗಂತ ಹೇಳಿದ್ರ ಸಾವ್ಕಾರ್ರು ಹೈದರಾಬಾದಿಗೆ ಫೋನ್ ಹಚ್ತಿದ್ರು. ಅದಕ್ಕ ನಿಂದ ಎರಡೂ ಕಡಿ ಹಾಕಿದೆ."

"ಮತ್ತ ನಾ ಬರದ ಎರಡು ಪುಟ?"

"ಓದಿದೆ. ಭಾಳ ಬಾರೀಕಾಗಿ ಫರಕ್ ಹಿಡದೀ."

"ಸೋತದ್ದು ನಂದ. ಕೌಂಟರಿಗೆ ಇನ್ನ ನಾನ ಕೂಡ್ತೀನಿ," ಅಂತ ಸರ್ ತಾವಾಗೇ ಒಪ್ಪಿದ್ರು. ಆಮ್ಯಾಲ ಇಬ್ಬರೂ ಅಲ್ಲೇ ಕುಂತು ಒಂದು ತಾಸು ಹರಟಿ ಹೊಡದು, ಎರಡೆರಡು ಚಹಾ ಕುಡದು, ಹಿಂದಿನ ಗೇಟಿನ ಟ್ಯಾಬ್ ಒರಸಿ ತಿರಗಿ ಅದ ಗೇಟಿಗೆ ಇಟ್ಟು, "ಹೊಸಾದು ಹಚ್ಚೀವ್ರಿ," ಅಂತ ಸಾವ್ಕಾರ್ರಿಗೆ ಹೇಳಿದ್ವಿ.

ನಾಕು ಗಂಟೆಗೆ ಹೊತ್ತು ವಾಲಿತು. ಗುಡೌನಿನ ನೆಳ್ಳು ಹಿಂದಿನ ಗೇಟಿನ ಮ್ಯಾಲ ಬಿತ್ತು. ಚಹಾದ ಬಂಡಿ ಆ ಕಡಿ ಸರೀತು, ಅದರ ಬೆನ್ನ ಹಿಂದ ಪಾಳಿನೂ ಸರೀತು. ಸಾವ್ಕಾರ್ರು ನನಗ ಕರದು, ಆ ಗದ್ದಲ ತೋರಿಸಿ, ಸಮಾಧಾನ ಹೇಳೋ ಹಂಗ ಮೆಲ್ಲಕ ಅಂದ್ರು:

"ಸಿಟ್ಟಾಗಬ್ಯಾಡ ತಂಗಿ. ನೀನ ನೋಡು, ನಿಂದು ತಗದಿದ್ದೇ ತಡ, ಈ ಗೇಟು ಹೆಂಗ ಓಡಾಕತ್ತದ."