ಮೂಗರ್ಜಿಗೊಂದು ರಸೀತಿ

ನನ್ನ ಸೋದರಮಾವನಿಗೆ ಗುಟ್ಟು ಹೇಳುವುದೂ ಮದ್ದೂರಿನ ಸಂತೆಯಲ್ಲಿ ತಮಟೆ ಹೊಡೆಸುವುದೂ ಒಂದೇ. ತಮಟೆಯವನು ನಡುವೆ ಉಸಿರಾದರೂ ತೆಗೆದುಕೊಳ್ಳುತ್ತಾನೆ. ಅಂಥವನು ಸರ್ಕಾರಕ್ಕೆ ಗುಟ್ಟಾಗಿ ದೂರು ಕೊಟ್ಟನೆಂದರೆ ನೀವು ನಂಬುತ್ತೀರಾ?

ಎರಡನೇ ಮಹಾಯುದ್ಧದ ಕಾಲ. ಮಾವ ಮಳವಳ್ಳಿ ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಕಾಂಪೌಂಡರು. ನಾಲೆ ನೀರು ಬಂದಮೇಲೆ ಗದ್ದೆಯ ಜೊತೆಗೆ ಸೊಳ್ಳೆಯೂ ಬಂದು, ಮನೆಗೊಬ್ಬರು ಚಳಿಜ್ವರದಲ್ಲಿ ನಡುಗುತ್ತಿದ್ದರು. ಯಾರಿಗೇ ಆ ಜ್ವರದ ಕಹಿ ಮದ್ದು ಕ್ವಿನೈನು ಕೊಡಲಿ, ಮಾವ ಮೊದಲು ತಾನೊಂದು ಗುಟುಕು ಕುಡಿದು ಮುಖ ಕಿವುಚಿ ತೋರಿಸುತ್ತಿದ್ದ. ಜನಕ್ಕೆ ಆ ಮುಖವೇ ಸರ್ಟಿಫಿಕೇಟು. "ಇನ್ನೊಂದ್ಸಲ ಕಿವುಚಪ್ಪಾ, ನಮ್ಮತ್ತೆ ನೋಡ್ಲಿಲ್ಲ" ಎಂದು ಮತ್ತೊಂದು ಗುಟುಕು ಕುಡಿಸಿದವರೂ ಉಂಟು.

ಒಂದು ದಿನ ಮುಖ ಕಿವುಚಲೇ ಇಲ್ಲ. ಬರೀ ನೀರು! ಕೆದಕಿ ನೋಡಿದರೆ, ಉಗ್ರಾಣದ ಗುಮಾಸ್ತ ಔಷಧಿಯನ್ನು ಹೊರಗೆ ಸಾಗಿಸಿ ಸೀಸೆಗೆ ಬಾವಿ ನೀರು ಬೆರೆಸುತ್ತಿದ್ದ. ಆ ವಾರ ಜ್ವರದಲ್ಲಿ ಎರಡು ಕೂಸು ಹೋಗಿದ್ದವು. ಮಾವ ಮೂರು ದಿನ ಯಾರೊಡನೆಯೂ ಮಾತಾಡಲಿಲ್ಲ.

ನಾನು ಮೈಸೂರಿನ ಕಾಲೇಜಿನಿಂದ ರಜಕ್ಕೆ ಬಂದಿದ್ದೆ. "ನನ್ ಅಕ್ಸರ ಎಲ್ರಿಗೂ ಗೊತ್ತು ಕಣ್ಲಾ. ನೀನೇ ಬರಿ. ಎಸ್ರು ಮಾತ್ರ ಬ್ಯಾಡ" ಎಂದ. ಹೆಸರಿಲ್ಲದ ದೂರು, ಮೂಗರ್ಜಿ, ಬರೆದುಕೊಟ್ಟೆ. ಮಾವ ಅದನ್ನು ರಿಜಿಸ್ಟರ್ ಮಾಡಿಸಿ, ತಲುಪಿದ್ದಕ್ಕೆ ರಸೀತಿ ಬೇಕೆಂದು ಲಕೋಟೆಯ ಮೇಲೆ ತನ್ನ ಹೆಸರು, ವಿಳಾಸ ದಪ್ಪಗೆ ಬರೆದು ಬಂದ.

"ಮೂಗರ್ಜಿಗೆ ಯಾರಾದರೂ ರಸೀತಿ ಕೇಳುತ್ತಾರಾ ಮಾವ?"

"ಸರ್ಕಾರಿ ಯವಾರ ಕಣ್ಲಾ. ರಸೀತಿ ಇಲ್ದೆ ಬುಡಕ್ಕಾಯ್ತದಾ?"

ಮೇಲಿನವರು ಪದ್ಧತಿಯಂತೆ, ಸಮಜಾಯಿಷಿ ಕೊಡು ಎಂದು ಆ ದೂರನ್ನು ಲಕೋಟೆ ಸಮೇತ ಅದೇ ಗುಮಾಸ್ತನಿಗೆ ಕಳಿಸಿದರು.

ಮುಂದೆ ವಿಚಾರಣೆ ನಡೆದು ಗುಮಾಸ್ತನ ಕೆಲಸ ಹೋಯಿತು, ಒಳ್ಳೆಯ ಕ್ವಿನೈನು ಬಂತು ಎಂದು ಈಗ ಸಲೀಸಾಗಿ ಹೇಳಿಬಿಡಬಹುದು. ಆದರೆ ನನ್ನ ನೆನಪು ಅಲ್ಲಿಯತನಕ ನಡೆಯುವುದೇ ಇಲ್ಲ; ನಾಲೆಯ ಏರಿಯ ಮೇಲೆ ನಿಂತುಬಿಡುತ್ತದೆ.

ಮಟಮಟ ಮಧ್ಯಾಹ್ನ. ಸೈಕಲ್ಲು ತಳ್ಳಿಕೊಂಡು ಬರುತ್ತಿದ್ದ ನಮ್ಮನ್ನು ಗುಮಾಸ್ತನ ಕಡೆಯ ಮೂವರು ಅಡ್ಡಗಟ್ಟಿದರು. ಒಬ್ಬನ ಕೈಯಲ್ಲಿ ನನ್ನ ಕಾಗದ, ಇನ್ನೊಬ್ಬನ ಕೈಯಲ್ಲಿ ಬಿದಿರಿನ ದೊಣ್ಣೆ.

"ಲಕೋಟೆ ನಿಂದು. ಒಳಗಿನ್ ಅಕ್ಸರ ನಿಂದಲ್ಲ. ಬರ್ದೋನು ಯಾವನ್ಲಾ?"

ನನ್ನ ಜೇಬಿನಲ್ಲಿ ಪೆನ್ನು, ಬೆರಳಲ್ಲಿ ಮಸಿ. ಮಸಿ ಕಾಣದಂತೆ ಮುಷ್ಟಿ ಬಿಗಿದುಕೊಂಡೆ.

"ನಾನೇ ಬರ್ದೆ," ಎಂದ ಮಾವ. "ಎಡಗೈಲಿ. ಗುರ್ತು ಸಿಕ್ಬಾರ್ದು ಅಂತ."

"ಎಡಗೈಲಿ ಇಷ್ಟು ಚೆಂದಾಗಾ?"

"ಬಲಗೈಲಿ ಇನ್ನೂ ಚೆಂದಾಗ್ ಬರೀತೀನಿ, ತತ್ತಾ ಕಾಗ್ದವ."

ಆ ಹೆದರಿಕೆಯಲ್ಲೂ ನನಗೆ ನಗು ಬಂತು. ಅದು ತುಟಿಗೆ ಬರುವಷ್ಟರಲ್ಲಿ ದೊಣ್ಣೆ ಬಿತ್ತು, ಮಾವನ ಎಡ ಮುಂಗೈ ಮೇಲೆ, ಎರಡು ಸಲ. ಆ ಸದ್ದು ಈಗಲೂ ಕೇಳುತ್ತದೆ.

ಅವರು ಹೋದಮೇಲೆ ನನ್ನ ಟವಲಿನಲ್ಲಿ ಅವನ ಕೈ ಕಟ್ಟಲು ಹೋದೆ. ಮಾವ ನನ್ನ ಬಲಗೈಯನ್ನು ಹಿಡಿದು ಬೆರಳಿನ ಮಸಿ ನೋಡಿದ.

"ಪರೀಕ್ಸೆ ಯಾವಾಗ್ಲಾ?"

"ಮಾರ್ಚಿಯಲ್ಲಿ."

"ಅಂಗಾದ್ರೆ ಈ ಕೈಯ ಜ್ವಾಪಾನವಾಗ್ ಮಡೀಕೊ" ಎಂದ.