ಕಾವಲಿ, ಮುಚ್ಚಳ ಮತ್ತು ನಾನು ಕೋಪ ಬಿಟ್ಟ ನಲವತ್ತು ದಿನ

ನಾನು ಒಳ್ಳೆಯವಳಾಗಬೇಕು ಅಂತ ಮನಸ್ಸು ಮಾಡಿದ ದಿನವೇ ನಮ್ಮ ಮನೆಯಲ್ಲಿ ಹಾಲು ಒಡೆಯುತ್ತೆ, ಸೌದೆ ಹಸಿಯದು ಬರುತ್ತೆ, ದೋಸೆಗೆ ಬಂದವನು ಉಪ್ಪು ಕಮ್ಮಿ ಅಂತಾನೆ. ಮಿಕ್ಕ ದಿನ ಎಲ್ಲ ಸರಿಯಾಗೇ ಇರುತ್ತೆ. ಯಾಕೆ ಹಿಂಗೆ ಅಂತ ಎಷ್ಟೋ ಸಲ ದೇವರನ್ನೇ ಕೇಳಿದ್ದೀನಿ. ಅವರೂ ನಮ್ಮ ಯಜಮಾನರ ಹಾಗೇ, ಕೇಳಿದ ತಕ್ಷಣ ಉತ್ತರ ಕೊಡೋರಲ್ಲ.

ಇದು ತೊಂಬತ್ತನೇ ಇಸವಿ ದಾಟಿದ ಮೇಲಿನ ಮಾತು. ಗುಂಡ್ಲುಪೇಟೆಯಲ್ಲಿ ಬಸ್ ಸ್ಟ್ಯಾಂಡ್ ಹಿಂದಿನ ಬೀದೀಲಿ ನಮ್ಮ ಮನೆ. ಮುಂಬಾಗಿಲಲ್ಲಿ ಒಲೆ ಹೂಡಿ ದೋಸೆ ಹುಯ್ದು ಮಾರ್ತಿದ್ದೆ. ದೋಸೆ ಹೆಸರು ಮಾಡಿದ್ದು ನನ್ನ ಕೈಯಿಂದಲ್ಲ, ನಮ್ಮವ್ವನ ಕಾವಲಿಯಿಂದ. ಹಳೇ ಕಬ್ಬಿಣ, ಒಂದು ದೋಸೆನೂ ಕಚ್ಚಿಕೊಳ್ತಿರಲಿಲ್ಲ. ಅವ್ವ ತೀರಿಕೊಂಡಾಗ ಕಾವಲಿ ನಾನು ತಗೊಂಡೆ. ನನ್ನ ತಂಗಿ, ಹರದನಹಳ್ಳಿಗೆ ಕೊಟ್ಟಿದ್ದೋಳು, "ಅದು ನಂಗೆ ಅಂತ ಅವ್ವ ಹೇಳಿತ್ತು" ಅಂದಳು. ನಾನು ಕೊಡಲಿಲ್ಲ. ಅವಳು ಸಿಟ್ಟಿಗೆ ಕಾವಲಿ ಮೇಲಿನ ಮುಚ್ಚಳ ಎತ್ತಿಕೊಂಡು ಹೊರಟುಹೋದಳು. ಮೂರು ವರ್ಷ ಮಾತಿಲ್ಲ. ಮೂರು ವರ್ಷ ನಾನು ದೋಸೆ ಮೇಲೆ ಸ್ಟೀಲ್ ತಟ್ಟೆ ಕವುಚಿ ಬೇಯಿಸಿದೆ.

ಗುಟ್ಟಾಗಿ ಹೇಳಿದ್ದು

ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ನಲವತ್ತು ದಿನ ನಮ್ಮ ಕ್ರೈಸ್ತರಿಗೆ ತಪಸ್ಸು ಕಾಲ. ಮಾಂಸ ಮುಟ್ಟಲ್ಲ, ಮದುವೆ ಮಾಡಲ್ಲ. ಅದು ಶುರುವಾಗೋ ಮುಂಚೆ ಫಾದರ್ ಹತ್ರ ಮೊಣಕಾಲೂರಿ ಪಾಪ ಹೇಳಿಕೊಳ್ಳೋಕೆ ಹೋದೆ.

"ಕೋಪ ಬರ್ತದೆ ಫಾದರ್" ಅಂದೆ.

"ಹೋದ ವರ್ಷವೂ ಇದೇ ಹೇಳಿದ್ರಿ" ಅಂದರು.

"ಹೋದ ವರ್ಷವೂ ಬಂದಿತ್ತು ಫಾದರ್."

ತಂಗಿ ಜೊತೆಗಿನ ಕಾವಲಿ ಜಗಳವನ್ನೂ ಬಿಡದೆ ಹೇಳಿದೆ. ಅವರು, "ಈ ಸಲ ಮಾಂಸ ಬಿಡೋದು ದೊಡ್ಡದಲ್ಲಮ್ಮ, ಕೋಪ ಬಿಡಿ. ಹಬ್ಬದ ದಿನ ಪ್ರಸಾದ ತಗೊಳ್ಳೋಕೆ ಬರೋ ಮುಂಚೆ ತಂಗಿ ಜೊತೆ ರಾಜಿಯಾಗಿ ಬನ್ನಿ" ಅಂದರು.

"ಎರಡು ವರ್ಷ ಮಾಂಸ ಬಿಟ್ಟುಬುಡ್ತೀನಿ ಫಾದರ್, ಇದೊಂದು ಬೇಡಿ" ಅಂದೆ. ಒಪ್ಪಲಿಲ್ಲ.

ಕಾವಲಿ ಕೊಟ್ಟರೆ ನನ್ನ ದೋಸೆ ಹೋಯಿತು. ಕೊಡದಿದ್ದರೆ ಹಬ್ಬದ ದಿನ ಎಲ್ಲರೂ ಪ್ರಸಾದಕ್ಕೆ ಎದ್ದು ಹೋಗುವಾಗ ನಾನೊಬ್ಬಳು ಬೆಂಚಲ್ಲಿ ಕೂತಿರಬೇಕು. ಇದನ್ನೇ ಯೋಚಿಸುತ್ತಾ ಎದ್ದು ಬಂದೆ. ನನ್ನ ಗಂಟಲು ಮೊದಲಿಂದಲೂ ದೊಡ್ಡದು, ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಬೆಳೆಸಿಕೊಂಡಿದ್ದು. ಪಾಪ ಹೇಳೋಕೆ ಸಾಲಲ್ಲಿ ಕಾಯ್ತಿದ್ದ ಹೆಂಗಸು ನನ್ನ ಸೆರಗು ಹಿಡಿದು ಮೆಲ್ಲಗೆ ಅಂದಳು: "ಓಗ್ಲಿ ಕೊಟ್ಬುಡಕ್ಕ. ಸಂತೇಲಿ ಬೇರೆ ಕಾವಲಿ ಸಿಗ್ತದೆ."

ಎದುರುಮನೆ ಯಜಮಾನಮ್ಮ

ಮಾರನೇ ದಿನ ಬೂದಿ ಬುಧವಾರ. ಮನುಷ್ಯ ಮಣ್ಣು, ಮತ್ತೆ ಮಣ್ಣಿಗೇ ಹೋಗ್ತಾನೆ ಅಂತ ನೆನಪು ಮಾಡೋಕೆ ಫಾದರ್ ಹಣೆಗೆ ಬೂದಿಯಲ್ಲಿ ಶಿಲುಬೆ ಹಾಕ್ತಾರೆ. ಹಾಕಿಸಿಕೊಂಡು ಬೀದಿಗೆ ಬಂದೆ.

ನಮ್ಮ ಎದುರುಮನೆ ಯಜಮಾನಮ್ಮ ಲಿಂಗಾಯತರು. ದಿನಾ ಮೂರು ಹೊತ್ತು ವಿಭೂತಿ ಇಟ್ಟು ಪೂಜೆ ಮಾಡೋ ಜೀವ. ನನ್ನ ಹಣೆ ನೋಡಿ ಜಗಲಿಯಿಂದ ಇಳಿದೇಬಿಟ್ಟರು.

"ಬಾ ಇಲ್ಲಿ. ಯಾರು ಇಟ್ಟಿದ್ದು ಇದನ್ನ?"

"ಫಾದರ್ ಇಟ್ರು ಯಜಮಾನಮ್ಮ."

"ಪಾಪ, ಅವರಿಗೆ ಅಭ್ಯಾಸ ಇಲ್ಲ ಅಂತ ಕಾಣ್ತದೆ. ಸೊಟ್ಟಪಟ್ಟ ಎಳೆದವ್ರೆ" ಅಂತ ಸೆರಗಲ್ಲಿ ಒರೆಸಿ, ಒಳಗಿಂದ ವಿಭೂತಿ ಗಟ್ಟಿ ತಂದು, ಮೂರು ಬೆರಳಲ್ಲಿ ಅಚ್ಚುಕಟ್ಟಾಗಿ ಎಳೆದುಬಿಟ್ಟರು. ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಈಗ ಲಕ್ಷಣವಾಯ್ತು" ಅಂದರು.

ಕೋಪ ಬಿಟ್ಟು ಇನ್ನೂ ಒಂದು ಗಂಟೆ ಆಗಿರಲಿಲ್ಲ. ಅಷ್ಟು ಪ್ರೀತಿಯಿಂದ ಇಟ್ಟವರ ಮುಂದೆ ಒರೆಸಿಕೊಳ್ಳೋಕೂ ಆಗದೆ ಹಂಗೇ ಒಲೆ ಮುಂದೆ ಕೂತೆ. ಅವತ್ತು ಮೊದಲು ದೋಸೆಗೆ ಬಂದಿದ್ದು ನಮ್ಮ ಚರ್ಚಿನ ಉಪದೇಶಿ, ಊರಲ್ಲಿ ಎಲ್ಲರಿಗೂ ಜಪ ಕಲಿಸೋರು. ನನ್ನ ಹಣೆಯನ್ನೇ ನೋಡುತ್ತಾ ಎರಡು ದೋಸೆ ತಿಂದು, ಕೈ ತೊಳೆದುಕೊಂಡು ಹೇಳಿದರು: "ಚಟ್ನಿ ಚೆನ್ನಾಗಿತ್ತಮ್ಮ. ಭಾನುವಾರ ಚರ್ಚಿಗೆ ಬರ್ತೀರೋ, ಇಲ್ಲ ಮಠಕ್ಕೋ?"

ಯಜಮಾನರ ಬೀಡಿ

ನಾನು ಕೋಪ ಬಿಟ್ಟೆ ಅಂತ ಕೇಳಿ ನಮ್ಮ ಯಜಮಾನರಿಗೂ ಭಕ್ತಿ ಉಕ್ಕಿತು. ಬೀಡಿ ಬಿಟ್ಟರು. ಬಿಟ್ಟ ಗಳಿಗೆಯಿಂದ ಅವರ ಕೈಗೆ ಕೆಲಸವಿಲ್ಲ. ರುಬ್ಬಿದ ದೋಸೆ ಸಂಪಣ ನುಣ್ಣಗಾಗಿಲ್ಲ ಅಂದರು, ಒಲೆ ಸೊಟ್ಟ ಐತೆ ಅಂದರು, ನಾನು ಉಸಿರು ಬಿಡೋದು ಜೋರಾಯ್ತು ಅಂದರು. ಹತ್ತನೇ ದಿನಕ್ಕೆ ನಾನೇ ಅಂಗಡಿಗೆ ಹೋಗಿ ಒಂದು ಕಟ್ಟು ಬೀಡಿ ತಂದು ಅವರ ಮುಂದೆ ಇಟ್ಟೆ.

"ನನ್ನ ಪಾಪಕ್ಕೆ ಎಳೀತಿದ್ದೀಯಲ್ಲೇ" ಅಂದರು.

"ಸೇದಿಬುಡಿ. ನಿಮ್ಮದು ಸಣ್ಣ ಪಾಪ. ನೀವು ಸೇದದೆ ಇದ್ರೆ ನಾನು ಮಾಡೋದು ಜೈಲಿಗೆ ಓಗೋ ಪಾಪ."

ಮೇಕೆಗಾಗಿ ಪ್ರಾರ್ಥನೆ

ತಪಸ್ಸು ಕಾಲದಲ್ಲಿ ವಾರಕ್ಕೊಂದು ಮನೆಯಲ್ಲಿ ಪ್ರಾರ್ಥನೆ ಕೂಟ. ನಮ್ಮ ಮನೆ ಸರದಿ ಬಂದ ದಿನ ಇಪ್ಪತ್ತು ಜನ ಕೂತಿದ್ದರು. ಒಬ್ಬೊಬ್ಬರಾಗಿ ಒಂದೊಂದು ಕೋರಿಕೆ ಹೇಳೋದು, ಮಿಕ್ಕವರೆಲ್ಲ ಒಟ್ಟಿಗೆ "ಕರ್ತರೇ, ನಮ್ಮ ಮೊರೆ ಕೇಳಿ" ಅನ್ನೋದು ಪದ್ಧತಿ. ಎಲ್ಲರೂ ಕಣ್ಣು ಮುಚ್ಚಿದ್ದರು. ಹಿತ್ತಿಲ ಬಾಗಿಲಲ್ಲಿ ಪಕ್ಕದ ಮನೆ ಮೇಕೆ ಕಾಣಿಸಿತು. ಅಲ್ಲಿ ನಾಳೆಯ ದೋಸೆಗೆ ಅಕ್ಕಿ, ಉದ್ದು ನೆನೆಹಾಕಿದ್ದೆ.

ಕೂಗಿದರೆ ಪ್ರಾರ್ಥನೆ ಕೆಡುತ್ತೆ, ಎದ್ದು ಹೋಗೋಕೆ ನನ್ನ ಸುತ್ತ ಜನ. ಸರಿ, ನನ್ನ ಸರದಿ ಅಲ್ಲದಿದ್ದರೂ ಬಾಯಿ ಬಿಟ್ಟೆ.

"ಕರ್ತರೇ, ಹಿತ್ತಿಲಿಗೆ ಮೇಕೆ ಬಂದದೆ. ಬಾಗಿಲ ಹತ್ರ ಕೂತಿರೋ ತಾಯಂದಿರು ಅದನ್ನ ನೋಡೋ ಹಂಗೆ ಮಾಡಿ."

ಇಪ್ಪತ್ತು ಜನವೂ ಭಕ್ತಿಯಿಂದ, "ಕರ್ತರೇ, ನಮ್ಮ ಮೊರೆ ಕೇಳಿ" ಅಂದರು. ಯಾರೂ ಕಣ್ಣು ಬಿಡಲಿಲ್ಲ.

"ಕರ್ತರೇ, ಅದು ಅಕ್ಕಿಗೆ ಬಾಯಿ ಹಾಕ್ತು."

"ಕರ್ತರೇ, ನಮ್ಮ ಮೊರೆ ಕೇಳಿ."

"ಕರ್ತರೇ, ಉದ್ದೂ ಓಯ್ತು."

"ಕರ್ತರೇ, ನಮ್ಮ ಮೊರೆ ಕೇಳಿ."

ಮುಗಿದ ಮೇಲೆ ಬಾಗಿಲ ಹತ್ತಿರ ಕೂತಿದ್ದ ಮುದುಕಿ ಕಣ್ಣೊರೆಸಿಕೊಳ್ಳುತ್ತಾ ಬಂದು ನನ್ನ ಕೈ ಹಿಡಿದಳು. "ಇವತ್ತು ನಿನ್ ಪ್ರಾರ್ಥನೇನೇ ಮನಸ್ಸಿಗೆ ತಟ್ಟಿದ್ದು ಕಣವ್ವ. ಮೂಕ ಪ್ರಾಣಿಗೂ ಬೇಡ್ಕಂಡೆ."

ತೆರಕಣಾಂಬಿಯಲ್ಲಿ ನಿಂತ ಎರಡು ಬಸ್ಸು

ಹಬ್ಬ ಭಾನುವಾರ. ಶನಿವಾರದವರೆಗೂ ನಾನು ತಳ್ಳಿಕೊಂಡೇ ಬಂದೆ. ಅವತ್ತು ಬೆಳಗ್ಗೆ ಕೊನೇ ದೋಸೆ ಹುಯ್ದು, ಕಾವಲಿ ತೊಳೆದು, ಎಣ್ಣೆ ಸವರಿ, ಗೋಣಿ ತಾಟಲ್ಲಿ ಕಟ್ಟಿದೆ. ನಮ್ಮ ಬೀದಿಗೆಲ್ಲ ಒಂದು ಎಸ್‌ಟಿಡಿ ಬೂತು ಇತ್ತು, ಫೋನ್ ಮಾಡಿ ಬರ್ತೀನಿ ಅನ್ನಬಹುದಿತ್ತು. ಆದರೆ ಹರದನಹಳ್ಳಿಯಲ್ಲಿ ತಂಗಿ ಮನೆ ಹತ್ರ ಫೋನಿದ್ದ ಮನೆಯವರಿಗೂ ನನ್ನ ತಂಗಿಗೂ ಮಾತಿರಲಿಲ್ಲ.

ಚಾಮರಾಜನಗರಕ್ಕೆ ಒಂದು ಬಸ್ಸು, ಅಲ್ಲಿಂದ ಹರದನಹಳ್ಳಿಗೆ ಇನ್ನೊಂದು. ಮೊಣಕಾಲು ನೋವಲ್ಲಿ ಕಾವಲಿ ಹೊತ್ತುಕೊಂಡು ಹೋದರೆ ಬಾಗಿಲಿಗೆ ಬೀಗ. ಪಕ್ಕದವಳು "ಬೆಳಗ್ಗೇನೇ ಎಲ್ಗೋ ಓದ್ರು" ಅಂದಳು. ಮಧ್ಯಾಹ್ನ ತಿರುಗೋವರೆಗೂ ಮೆಟ್ಟಿಲ ಮೇಲೆ ಕೂತಿದ್ದೆ. ಬರಲಿಲ್ಲ. ಮೂವತ್ತೊಂಬತ್ತು ದಿನ ನುಂಗಿಕೊಂಡಿದ್ದ ಕೋಪವೆಲ್ಲ ಒಟ್ಟಿಗೆ ಮೇಲಕ್ಕೆ ಬಂತು. ಕೊಡೋಕೆ ಬಂದವಳಿಗೆ ಬೀಗ ತೋರಿಸ್ತಾಳಲ್ಲ ಅಂತ ಕಾವಲಿ ಎತ್ತಿಕೊಂಡು ವಾಪಸ್ ಹೊರಟೆ. ಗುಂಡ್ಲುಪೇಟೆ ಬಸ್ಸಿನ ಕಂಡಕ್ಟರ್ ಭಾರ ನೋಡಿ ಅದನ್ನ ಡ್ರೈವರ್ ಪಕ್ಕ ಇಡಿಸಿದ.

ತೆರಕಣಾಂಬಿಯಲ್ಲಿ ಬಸ್ಸು ನಿಂತಿತು. ಪಕ್ಕದಲ್ಲೇ ಗುಂಡ್ಲುಪೇಟೆ ಕಡೆಯಿಂದ ಬಂದು ನಿಂತಿದ್ದ ಚಾಮರಾಜನಗರ ಬಸ್ಸು. ಅದರ ಕಿಟಕೀಲಿ, ನನ್ನ ಮೂಗಿಗೆ ಮೂಗು ತಾಗೋ ಹಂಗೆ, ನನ್ನ ತಂಗಿ.

"ಎಲ್ಲಿ ಹಾಳಾಗೋಗಿದ್ದೆ ಕಣಮ್ಮಿ?" ಅಂದೆ. ಮೂರು ವರ್ಷದ ಮೇಲೆ ಆಡಿದ ಮೊದಲ ಮಾತು.

"ನಿನ್ ಮನೆಗೆ ಕಣಕ್ಕ. ನಿಮ್ ಜಗಲಿ ಮೇಲೆ ಕೂತು ಕೂತು ಸೊಂಟ ಓಯ್ತು. ಭಾವ ಬೀಡಿ ಸೇದ್ಕಂಡು 'ಎಲ್ಲೋದ್ಲೋ ಗೊತ್ತಿಲ್ಲ' ಅಂದ್ರು."

"ಮೂರು ವರ್ಷ ಬರದೋಳು ಇವತ್ತೇ ಬರ್ಬೇಕಿತ್ತಾ?"

"ನಮ್ ಫಾದರ್ ರಾಜಿಯಾಗು ಅಂದ್ರು, ಬಂದೆ. ಕಾವಲಿ ನೀನೇ ಇಟ್ಕೊ ಅಂತ ಮುಚ್ಚಳ ತಂದಿದ್ದೆ. ನೀನಿಲ್ಲ ಅಂತ ವಾಪಸ್ ತಗೊಂಡೋಗ್ತಿದ್ದೀನಿ."

"ಯಾರಿಗೆ ಬೇಕು ನಿನ್ ಮುಚ್ಚಳ? ನಾನು ಕಾವಲೀನ ನಿನಗೆ ಕೊಡಕ್ಕೆ ಬಂದ್ರೆ ಬೀಗ ಹಾಕ್ಕಂಡು ಓಗಿದ್ದೀಯ."

"ನಂಗೆ ಬೇಡ, ನೀನೇ ದೋಸೆ ಹುಯ್ಕೊ."

"ನೀನು ಇಸ್ಕೊಳ್ದೆ ಇದ್ರೆ ನಾನು ಬುಡಲ್ಲ."

ಎರಡೂ ಬಸ್ಸಿನ ಜನ ಒಂದೇ ಕಡೆಗೆ ಬಾಗಿ ನೋಡ್ತಿದ್ದರು. ನಮ್ಮ ಕಂಡಕ್ಟರ್, "ಅಮ್ಮಾ, ಜಗಳ ಆಡೋದಾದ್ರೆ ಇಳಿದು ಆಡಿ, ಟೈಮಾಯ್ತು" ಅಂದ. ನಾನು ಇಳಿದೆ. ಆ ಕಡೆಯಿಂದ ಅವಳೂ ಇಳಿದಳು. ಎದುರೆದುರು ನಿಂತು ನೋಡಿದೆ. ಅವಳ ತಲೆಯೆಲ್ಲ ಬೆಳ್ಳಗಾಗಿತ್ತು, ಥೇಟ್ ಅವ್ವನ ಹಾಗೆ. ನಾನು ಅವಳ ಕೈ ಹಿಡಿದೆ. ಅವಳು ಅತ್ತಳು, ನಾನೂ ಅತ್ತೆ. ತಬ್ಬಿಕೊಂಡು ಕಣ್ಣೊರೆಸಿಕೊಂಡು ತಿರುಗಿ ನೋಡಿದರೆ ರಸ್ತೆ ಖಾಲಿ. ಎರಡು ಬಸ್ಸೂ ಹೋಗಿದ್ದವು. ಕಾವಲಿ ಗುಂಡ್ಲುಪೇಟೆಗೆ, ಮುಚ್ಚಳ ಚಾಮರಾಜನಗರಕ್ಕೆ. ಮೂರು ವರ್ಷದಿಂದ ಯಾವುದು ಯಾವ ಕಡೆ ಇತ್ತೋ ಆ ಕಡೆಗೇ.

ಮುಂದಿನ ಬಸ್ಸಿಗೆ ಇಬ್ಬರೂ ಗುಂಡ್ಲುಪೇಟೆಗೆ ಬಂದೆವು. ಕಾವಲಿ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಮೇಜಿನ ಮೇಲಿತ್ತು, ಅದರ ಮೇಲೆ ನಾಲ್ಕು ಟೀ ಲೋಟ.

ಭಾನುವಾರ ಬೆಳಗ್ಗೆ ಅಕ್ಕಪಕ್ಕ ನಿಂತು ಪ್ರಸಾದ ತಗೊಂಡೆವು. ಮನಸ್ಸು ಹತ್ತಿಯ ಹಾಗೆ ಹಗುರವಾಗಿತ್ತು. ಚರ್ಚಿನ ಮೆಟ್ಟಿಲು ಇಳಿಯುವಾಗ ತಂಗಿ ಅಂದಳು: "ಮುಚ್ಚಳ ಸಿಗದೇ ಓದ್ರೆ ನಿಂದೇ ತಪ್ಪು ಕಣಕ್ಕ. ನೀನು ಕೂಗಾಡಿದ್ಕೇ ನಾನು ಇಳಿದಿದ್ದು."

"ಇಳಿಯೋಳು ಎತ್ಕಂಡು ಇಳೀಬೇಕು."

"ನೀನು ಎತ್ಕಂಡು ಇಳಿದ್ಯಾ?"

"ನಂದು ಮಣಭಾರ ಕಣಮ್ಮಿ. ನಿಂದು ಬರೀ ಮುಚ್ಚಳ."

ಹಬ್ಬದ ಶುಭಾಶಯ ಹೇಳೋಕೆ ಬಾಗಿಲಲ್ಲಿ ನಿಂತಿದ್ದ ಫಾದರ್ ನಮ್ಮಿಬ್ಬರನ್ನೂ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು.

"ಏನಮ್ಮ ಇದು? ಜಗಳ ಮುಗಿಸಿ ಬನ್ನಿ ಅಂದಿದ್ದೆನಲ್ಲ?"

"ಹಳೇದು ಮುಗೀತು ಫಾದರ್" ಅಂದೆ. "ಇದು ಹೊಸದು, ಬರೋ ವರ್ಷದ ತಪಸ್ಸು ಕಾಲಕ್ಕೆ."